ಡಿಟಿ-830ಡಿ ಮಲ್ಟಿಮೀಟರ್: ಕಾರಿನ ಬ್ಯಾಟರಿ ಬದಲಾಯಿಸುವ ಮೊದಲು ಇದನ್ನು ಹಿಡಿದು ನೋಡಿ

ಅಂಗೈಯಷ್ಟು ದೊಡ್ಡ ಡಬ್ಬಿ, ಮಧ್ಯದಲ್ಲಿ ತಿರುಗಿಸುವ ಗುಂಡಿ, ಕೆಂಪು ಕಪ್ಪು ಎರಡು ವೈರು. ವೋಲ್ಟ್, ಆಂಪಿಯರ್, ಓಮ್ಸ್ ಅಳೆಯುವ ಈ ಮೀಟರನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ನಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯವರೆಗೆ ಎಲ್ಲ ಕಡೆ ಸಿಗುತ್ತದೆ, 200–300 ರೂಪಾಯಿ ಆಸುಪಾಸು. ಒಳಗಿನ ವಿನ್ಯಾಸ ಒಂದೇ, ಮೇಲಿನ ಹೆಸರು ಮಾತ್ರ ಬೇರೆ ಬೇರೆ. ಕಾರಿನ ಕರೆಂಟ್ ತೊಂದರೆ ಹುಡುಕಲು ಇಷ್ಟು ಅಗ್ಗದ ಮೀಟರ್ ಸಾಕಾ ಅಂತ ತುಂಬಾ ಜನ ಕೇಳುತ್ತಾರೆ. ಹೆಚ್ಚಿನ ಕೆಲಸಕ್ಕೆ ಧಾರಾಳವಾಗಿ ಸಾಕು. ಎಲ್ಲಿ ಸಾಲದು ಅನ್ನುವುದನ್ನೂ ಹೇಳುತ್ತೇನೆ.

ನನ್ನದು ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು, ಇರುವುದು ಉಡುಪಿ ಕಡೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಿಗ್ಗೆ ಸೆಲ್ಫ್ ಎಳೆಯುವುದು ನಿಧಾನವಾಯಿತು, ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಬ್ಯಾಟರಿ ಹೋಗಿದೆ ಅಂದರು. ಇನ್ನೊಂದರಲ್ಲಿ ಡೈನಮೋ ಹೋಗಿದೆ ಅಂದರು. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ನಮ್ಮ ಕಡೆ ಇಂದಿಗೂ ಡೈನಮೋ ಅಂತಲೇ ಹೇಳುತ್ತಾರೆ. ಎರಡೂ ಸಾವಿರಗಟ್ಟಲೆ ರೂಪಾಯಿಯ ಮಾತು, ಆದರೆ ಎರಡೂ ಕಡೆ ಯಾರೂ ಮೀಟರ್ ಹಿಡಿದು ನೋಡಲಿಲ್ಲ. ನನಗೆ ಬೇಜಾರಾದದ್ದು ಅದಕ್ಕೇ. ಅಂದಾಜಿನ ಮೇಲೆ ಜನರ ದುಡ್ಡು ಖರ್ಚು ಮಾಡಿಸುವುದು ಸರಿಯಲ್ಲ.

ಮೊದಲ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಗುಂಡಿಯನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಈ ರೇಂಜಿನಲ್ಲಿ ಮೀಟರ್ 0.01 ವೋಲ್ಟಿನವರೆಗೆ ತೋರಿಸುತ್ತದೆ, ಅದೇ ಇದರ ದೊಡ್ಡ ಶಕ್ತಿ. ಯಾಕೆಂದರೆ ಬ್ಯಾಟರಿಯ ಕಥೆ ಇರುವುದೇ ಆ ಪಾಯಿಂಟ್ ಆದ ಮೇಲಿನ ಅಂಕಿಗಳಲ್ಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. 12.2 ಬಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ ಅಂತಲೇ ಲೆಕ್ಕ. ಆದರೆ ಗಾಡಿ ಓಡಿಸಿ ಬಂದ ತಕ್ಷಣ ನೋಡಬೇಡಿ, ಆಗ ಮೇಲ್ಮೇಲಿನ ಚಾರ್ಜ್‌ನಿಂದ ಜಾಸ್ತಿ ತೋರಿಸುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ, ಇಲ್ಲವೇ ಒಂದೆರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ, ಸ್ವಲ್ಪ ಬಿಟ್ಟು ನೋಡಿ.

ನನ್ನ ಬ್ಯಾಟರಿ ಬೆಳಿಗ್ಗೆ 12.6 ಹತ್ತಿರವೇ ಇತ್ತು. ಇಷ್ಟಕ್ಕೇ ಬ್ಯಾಟರಿ ಸರಿ ಇದೆ ಅಂತ ಹೇಳಲಾಗದು, ಸುಮ್ನೆ ಇದ್ದಾಗ ಚೆನ್ನಾಗಿ ತೋರಿಸಿ ಭಾರ ಬಿದ್ದಾಗ ಕುಸಿಯುವ ಬ್ಯಾಟರಿಗಳು ಬೇಕಾದಷ್ಟಿವೆ. ಅದಕ್ಕೇ ಸೆಲ್ಫ್ ಹೊಡೆಯುವಾಗ ನೋಡಬೇಕು. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದಿಟ್ಟರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ಬರೀ ತಿರುಗುತ್ತದೆ, ಅಂಕಿ ಓದಲು ಸಮಯ ಸಿಗುತ್ತದೆ. ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ಬ್ಯಾಟರಿಯ ಮೇಲೆ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ನನ್ನದು 10ರ ಮೇಲೇ ನಿಂತಿತು. ಅಲ್ಲಿಗೆ ಬ್ಯಾಟರಿಯ ಮೇಲಿನ ಆರೋಪ ಬಿದ್ದುಹೋಯಿತು.

ಆಮೇಲೆ ಮಾಡಿದ್ದೇ ಈ ಮೀಟರಿನ ನಿಜವಾದ ಕೆಲಸ. ವೋಲ್ಟೇಜ್ ಡ್ರಾಪ್ ಪರೀಕ್ಷೆ. ಬಹಳ ಜನ ಇದನ್ನು ಮಾಡುವುದೇ ಇಲ್ಲ, ಕೆಲವು ಮೆಕ್ಯಾನಿಕ್‌ಗಳೂ ಮಾಡುವುದಿಲ್ಲ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ. ಎರಡೂ ಮೈನಸ್ಸೇ ಅಲ್ವಾ, ಹಾಗಾಗಿ ಸೊನ್ನೆ ಬರಬೇಕು. ಸುಮ್ನೆ ನಿಂತಾಗ ಸೊನ್ನೆಯೇ ಬರುತ್ತದೆ. ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಹರಿಯುತ್ತದೆ, ದಾರಿಯಲ್ಲಿ ಎಲ್ಲಿ ಕಿಲುಬು ಇದೆಯೋ, ಎಲ್ಲಿ ಬೋಲ್ಟ್ ಸಡಿಲ ಇದೆಯೋ ಅಲ್ಲಿ ವೋಲ್ಟೇಜ್ ಸೋರಿಹೋಗುತ್ತದೆ, ಸೋರಿದ್ದೆಷ್ಟು ಅಂತ ಮೀಟರ್ ನೇರವಾಗಿ ತೋರಿಸುತ್ತದೆ. 0.2 ಇದ್ದರೆ ಒಳ್ಳೆಯದು, 0.5 ದಾಟಿದರೆ ತೊಂದರೆ ಇದೆ ಅಂತಲೇ. ನನ್ನದು 1 ವೋಲ್ಟ್ ದಾಟಿತ್ತು!

ಆಗ ಒಂದು ಕಡ್ಡಿಯನ್ನು ಮೈನಸ್ ಕಂಬದಲ್ಲೇ ಬಿಟ್ಟು ಇನ್ನೊಂದನ್ನು ಹೆಜ್ಜೆ ಹೆಜ್ಜೆಗೂ ಮುಂದೆ ಸರಿಸುತ್ತಾ ಹೋಗಬೇಕು. ಮೊದಲು ಕಂಬಕ್ಕೆ ಹಾಕಿದ ಕ್ಲ್ಯಾಂಪಿಗೆ, ಆಮೇಲೆ ಕಾರಿನ ಬಾಡಿಯ ಮೇಲೆ ಹಾಕಿದ ಬೋಲ್ಟಿಗೆ, ಆಮೇಲೆ ಇಂಜಿನ್ನಿಗೆ ಹೋಗುವ ಅರ್ಥಿಂಗ್ ಪಟ್ಟಿಯ ತುದಿಗೆ. ಬಾಡಿಯವರೆಗೆ ಎಲ್ಲ ಸರಿ ಇತ್ತು. ಪಟ್ಟಿ ಇಂಜಿನ್ನಿಗೆ ಸೇರುವ ಜಾಗದಲ್ಲಿ ಅಂಕಿ ಒಮ್ಮೆಲೇ ಹಾರಿತು. ಬಿಚ್ಚಿ ನೋಡಿದರೆ ಪಟ್ಟಿಯ ತುದಿಯ ಲಗ್ (ಬೋಲ್ಟ್ ಹಾಕುವ ಲೋಹದ ಬಳೆ) ಪೂರ್ತಿ ಹಸಿರು ಕಿಲುಬು. ಕರಾವಳಿಯ ಉಪ್ಪುಗಾಳಿ, ಮಳೆ, ಎರಡೂ ಸೇರಿದರೆ ಹೀಗೆ ಆಗುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸ್ಯಾಂಡ್ ಪೇಪರ್ ಹಾಕಿ ತಿಕ್ಕಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿದೆ. ಮತ್ತೆ ಸೆಲ್ಫ್ ಹೊಡೆದು ನೋಡಿದರೆ 0.1 ಆಸುಪಾಸು.

ಹೆಡ್‌ಲೈಟ್ ಮಂಕಾಗುತ್ತಿದ್ದದ್ದಕ್ಕೂ ಇದೇ ಕಾರಣ. ಆಲ್ಟರ್ನೇಟರಿನ ಮೈನಸ್ ಅಂದರೆ ಅದರ ಮೈಯೇ, ಅದು ಕೂತಿರುವುದು ಇಂಜಿನ್ ಮೇಲೆ. ಇಂಜಿನ್ನಿಗೂ ಬ್ಯಾಟರಿಗೂ ನಡುವಿನ ದಾರಿ ಕೆಟ್ಟರೆ ಸೆಲ್ಫೂ ಸೊರಗುತ್ತದೆ, ಚಾರ್ಜಿಂಗೂ ಸೊರಗುತ್ತದೆ. ಆಲ್ಟರ್ನೇಟರಿನ ಮೇಲೇ ಅಳೆದಾಗ 14.3 ಇದ್ದದ್ದು, ಲೈಟು ಫ್ಯಾನು ಹಾಕಿ ಬ್ಯಾಟರಿಯ ಮೇಲೆ ಅಳೆದಾಗ 13.5ಕ್ಕೆ ಇಳಿದಿತ್ತು. ಪಟ್ಟಿ ಸರಿ ಮಾಡಿದ ಮೇಲೆ ಬ್ಯಾಟರಿಯಲ್ಲೂ 14ರ ಮೇಲೆ ಬಂತು. ಸಾಮಾನ್ಯ ಕಾರುಗಳಲ್ಲಿ ಇಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ನೋಡಿಸಿ, ಬ್ಯಾಟರಿ ಕುದಿದು ಹಾಳಾಗುತ್ತದೆ.

ಹೊಸ ಕಾರಿನವರು ಮಾತ್ರ ಈ ಅಂಕಿಯನ್ನು ಹಾಗೇ ಹಿಡಿದುಕೊಳ್ಳಬೇಡಿ. ಮಾರುತಿ 2015ರಲ್ಲಿ ಸಿಯಾಜ್ ಕಾರಿಗೆ ಎಸ್‌ಎಚ್‌ವಿಎಸ್ ಅನ್ನುವ ವ್ಯವಸ್ಥೆ ಹಾಕಿತಲ್ಲ, ಆ ಥರದ ಮೈಲ್ಡ್ ಹೈಬ್ರಿಡ್‌ಗಳಲ್ಲಿ (ಇಂಜಿನ್ನಿಗೆ ಸಣ್ಣ ಮೋಟರಿನ ಸಹಾಯ ಇರುವ ಕಾರುಗಳು), ಮತ್ತೆ ಮೈನಸ್ ಟರ್ಮಿನಲ್ ಮೇಲೆ ಬ್ಯಾಟರಿ ಸೆನ್ಸರ್ ಇರುವ ಅನೇಕ ಕಾರುಗಳಲ್ಲಿ, ಎಷ್ಟು ವೋಲ್ಟೇಜ್ ಕೊಡಬೇಕು ಅಂತ ಇಸಿಯು, ಅಂದರೆ ಕಾರಿನ ಕಂಪ್ಯೂಟರ್, ತೀರ್ಮಾನ ಮಾಡುತ್ತದೆ. ಬ್ಯಾಟರಿ ತುಂಬಿದ್ದರೆ 13ರ ಹತ್ತಿರ ಇಳಿಸುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಏರಿಸುತ್ತದೆ. ಒಂದು ಸಲ ಕಡಿಮೆ ತೋರಿಸಿತು ಅಂತ ಆಲ್ಟರ್ನೇಟರ್ ಬಿಚ್ಚಿಸಲು ಹೋಗಬೇಡಿ.

ಕಾರಿನ ದೋಷ ಓದುವ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಮೀಟರ್ ಯಾಕೆ ಬೇಕು ಅಂತಲೂ ಕೇಳುತ್ತಾರೆ. ಸ್ಕ್ಯಾನರ್ ಪಿ0562 ಅಂತ ಕೋಡ್ ಕೊಡುತ್ತದೆ, ಅಂದರೆ ಸಿಸ್ಟಮ್ ವೋಲ್ಟೇಜ್ ಕಡಿಮೆ. ಪಿ0563 ಬಂದರೆ ಜಾಸ್ತಿ. ಎಲ್ಲಿ ಕಡಿಮೆ, ಯಾವ ವೈರಿನಲ್ಲಿ, ಯಾವ ಬೋಲ್ಟಿನಲ್ಲಿ ಅಂತ ಅದು ಹೇಳುವುದಿಲ್ಲ. ಅದನ್ನು ಹುಡುಕಲು ಕಡ್ಡಿ ಹಿಡಿದು ಬಾನೆಟ್ ಒಳಗೆ ಬಗ್ಗಲೇಬೇಕು.

ರಾತ್ರಿ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುವ ತೊಂದರೆಗೂ ಈ ಮೀಟರ್ ಆಗುತ್ತದೆ. 200 ಮಿಲಿವೋಲ್ಟ್ ರೇಂಜಿಗೆ ಹಾಕಿ, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು, ಫ್ಯೂಸ್‌ಗಳನ್ನು ಕೀಳದೆ ಅವುಗಳ ತಲೆಯ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಅಳೆಯಿರಿ. ಸೊನ್ನೆ ಬಂದರೆ ಆ ದಾರಿಯಲ್ಲಿ ಲೆಕ್ಕಕ್ಕೆ ಬರುವಷ್ಟು ಕರೆಂಟ್ ಹೋಗುತ್ತಿಲ್ಲ. ಏನಾದರೂ ಬಂದರೆ ಅಲ್ಲಿ ಯಾವುದೋ ಎಚ್ಚರವಾಗಿದೆ. ಎಷ್ಟು ಮಿಲಿವೋಲ್ಟ್ ಅಂದರೆ ಎಷ್ಟು ಕರೆಂಟ್ ಅಂತ ಆ ಫ್ಯೂಸಿನ ಅಳತೆಗೆ ತಕ್ಕ ಪಟ್ಟಿಯಲ್ಲಿ ನೋಡಿಕೊಳ್ಳಿ; ಎಲ್ಲ ಸೇರಿ 50 ಮಿಲಿಆಂಪಿಯರ್ ಒಳಗೆ ಇದ್ದರೆ ಸಾಮಾನ್ಯ. ಮೀಟರನ್ನು ಆಂಪಿಯರಿಗೆ ಹಾಕಿ ಬ್ಯಾಟರಿಯ ವೈರಿನ ನಡುವೆ ಸೇರಿಸುವ ವಿಧಾನವೂ ಇದೆ, ಆದರೆ ಈ ಅಗ್ಗದ ಮೀಟರ್‌ಗಳಲ್ಲಿ 10 ಆಂಪಿಯರ್ ತೂತಿಗೆ ಫ್ಯೂಸೇ ಇರುವುದಿಲ್ಲ. ಹಾಗೆ ಸೇರಿಸಿಟ್ಟಾಗ ಯಾರಾದರೂ ಸೆಲ್ಫ್ ಹೊಡೆದರೆ ಮೀಟರ್ ಸುಟ್ಟುಹೋಗುತ್ತದೆ. ಕೆಂಪು ವೈರನ್ನು ಆ ತೂತಿನಲ್ಲೇ ಮರೆತು ಬ್ಯಾಟರಿಯ ಎರಡೂ ಕಂಬ ಮುಟ್ಟಿಸಿದರೆ ಕೈಗೇ ಅಪಾಯ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಹಾಗೆಯೇ ಹಳದಿ ಕನೆಕ್ಟರ್‌ಗಳ ಹತ್ತಿರ ಹೋಗಬೇಡಿ, ಅವು ಏರ್‌ಬ್ಯಾಗಿನವು. ಅಲ್ಲಿ ಓಮ್ಸ್ ಅಳೆಯಲು ಹೋದರೆ ಏರ್‌ಬ್ಯಾಗ್ ಸಿಡಿಯಬಹುದು.

ಇನ್ನು ಕೊರತೆಗಳು. ಅಂಕಿ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುತ್ತದೆ, ಸೆಲ್ಫ್ ಹೊಡೆದ ಮೊದಲ ಕ್ಷಣದ ಕುಸಿತ ಇದಕ್ಕೆ ಸಿಗುವುದಿಲ್ಲ. ಆಲ್ಟರ್ನೇಟರಿನಲ್ಲಿ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆಯಾ ಅಂತ ನೋಡಲು ಎಸಿ ರಿಪಲ್ (ಡಿಸಿಯಲ್ಲಿ ಉಳಿದ ಸಣ್ಣ ಎಸಿ ಏರಿಳಿತ) ಅಳೆಯಬೇಕು, ಅದು ಇದರಿಂದ ಆಗದು. ಇದರ ಅತಿ ಚಿಕ್ಕ ಎಸಿ ರೇಂಜೇ 200 ವೋಲ್ಟ್, ಸಾಲದ್ದಕ್ಕೆ ಡಿಸಿಯನ್ನೂ ಅದರಲ್ಲಿ ಬೆರೆಸಿ ಏನೇನೋ ಅಂಕಿ ತೋರಿಸುತ್ತದೆ. ಒಳಗಿನ 9 ವೋಲ್ಟ್ ಸೆಲ್ ಇಳಿದಾಗ ತಪ್ಪು ಅಂಕಿ ಬರುತ್ತದೆ, ಹೆಚ್ಚಾಗಿ ಮೇಲಕ್ಕೇ. ಪರದೆಯ ಮೂಲೆಯಲ್ಲಿ ಸೆಲ್ಲಿನ ಗುರುತು ಬಂದರೆ ಅಳೆಯುವುದನ್ನು ನಿಲ್ಲಿಸಿ ಸೆಲ್ ಬದಲಾಯಿಸಿ. ಜೊತೆಗೆ ಕೊಡುವ ವೈರುಗಳು ಬಹಳ ತೆಳು, ಬೇಗ ತುಂಡಾಗುತ್ತವೆ. ಕ್ರೊಕೊಡೈಲ್ ಕ್ಲಿಪ್ ಇರುವ ದಪ್ಪ ವೈರನ್ನು ಬೇರೆ ತೆಗೆದುಕೊಳ್ಳಿ. ಆಗ ಒಬ್ಬರೇ ಇದ್ದರೂ ಕ್ಲಿಪ್ ಕಚ್ಚಿಸಿ, ಒಳಗೆ ಕೂತು ಕೀ ತಿರುಗಿಸುತ್ತಾ ಮೀಟರ್ ನೋಡಬಹುದು.

ಕೊಳ್ಳುವಾಗ 830ಬಿ ಕೊಟ್ಟರೆ ಬೇಡ ಅನ್ನಿ, 830ಡಿ ಕೇಳಿ. ಡಿಯಲ್ಲಿ ವೈರು ತುಂಡಾಗದೆ ಇದ್ದರೆ ಸದ್ದು ಮಾಡುವ ಬಜರ್ ಇರುತ್ತದೆ, ತುಂಡಾದ ವೈರು ಹುಡುಕಲು ಅದು ಬೇಕು. ಅಂಗಡಿಯಲ್ಲೇ ಎರಡು ಮೀಟರ್ ತೆಗೆದು ಒಂದೇ ಸೆಲ್ ಮೇಲೆ ಹಿಡಿದು ನೋಡಿ, ಅಂಕಿಗಳು ಹತ್ತಿರ ಹತ್ತಿರ ಬಂದರೆ ತೆಗೆದುಕೊಳ್ಳಿ. ರಿಪಲ್, ಸೆಲ್ಫಿನ ಆಂಪಿಯರ್ ಎಲ್ಲ ಅಳೆಯುವ ಆಸೆ ಇದ್ದರೆ ಡಿಸಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರಿಗೇ (ವೈರು ಬಿಚ್ಚದೆ, ಅದನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹೋಗಿ. ಎಷ್ಟೋ ಕ್ಲ್ಯಾಂಪ್ ಮೀಟರ್‌ಗಳು ಎಸಿ ಆಂಪಿಯರ್ ಮಾತ್ರ ಅಳೆಯುತ್ತವೆ, ಕಾರಿಗೆ ಅವು ಉಪಯೋಗಕ್ಕೆ ಬರುವುದಿಲ್ಲ. ಡಬ್ಬಿಯ ಮೇಲೆ ಡಿಸಿ ಆಂಪಿಯರ್ ಅಂತ ಬರೆದಿದೆಯಾ ನೋಡಿಯೇ ದುಡ್ಡು ಕೊಡಿ.