ಸ್ವಯಂಸೇವಾ ಸಂಸ್ಥೆಯ ಸಭಾಕೊಠಡಿಗೆ ಮೀಟಿಂಗ್ ಔಲ್ 3

ಸಿಬ್ಬಂದಿಯಲ್ಲಿ ಕೆಲವರು ಕಚೇರಿಯಲ್ಲಿ, ಉಳಿದವರು ಮನೆಯಲ್ಲಿ ಅಥವಾ ಕಾರ್ಯಕ್ಷೇತ್ರದಲ್ಲಿ ಕೆಲಸ ಮಾಡುವ ಹೈಬ್ರಿಡ್ ವ್ಯವಸ್ಥೆ ಕಾಯಂ ಆದ ಮೇಲೆ ಅನೇಕ ಸ್ವಯಂಸೇವಾ ಸಂಸ್ಥೆಗಳು ಬಾಡಿಗೆಯ ಹೊರೆ ತಗ್ಗಿಸಲು ಚಿಕ್ಕ ಕಚೇರಿಗೆ ಬಂದಿವೆ ಮತ್ತು ಒಬ್ಬರಿಗೊಂದು ಮೇಜು ಎಂಬ ಪದ್ಧತಿಯನ್ನು ಕೈಬಿಟ್ಟು, ಇರುವ ಮೇಜುಗಳನ್ನೇ ಸರದಿಯ ಮೇಲೆ ಹಂಚಿಕೊಳ್ಳುತ್ತಿವೆ. ಆದರೆ ಸಭಾಕೊಠಡಿಯ ಧ್ವನಿ ವ್ಯವಸ್ಥೆ ಮಾತ್ರ ಹಲವೆಡೆ ಹಳೆಯದೇ ಆಗಿ ಉಳಿದಿದೆ. ಮೇಜಿನ ತುದಿಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟು ಸಭೆ ನಡೆಸಿದರೆ ಅದರ ಸಮೀಪ ಕುಳಿತವರ ಮಾತಷ್ಟೇ ಹೊರಗಿನವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಫಲಾನುಭವಿಗಳ ಸ್ಥಿತಿಗತಿಯನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲ ಕ್ಷೇತ್ರ ಕಾರ್ಯಕರ್ತರು ಹೀಗೆ ಚರ್ಚೆಯ ಅಂಚಿಗೆ ಸರಿಯುವುದು ಸಂಸ್ಥೆಯ ಕೆಲಸಕ್ಕೇ ಆಗುವ ನಷ್ಟ. ಆದ್ದರಿಂದ ಔಲ್ ಲ್ಯಾಬ್ಸ್ ಕಂಪನಿ 2022ರಲ್ಲಿ ಹೊರತಂದ ಮೀಟಿಂಗ್ ಔಲ್ 3 ಸಾಧನವನ್ನು ನಾನು ಅಳೆಯುವುದು ಒಂದೇ ಮಾನದಂಡದಿಂದ: ಹೊರಗಿರುವವರಿಗೆ ಕೊಠಡಿಯೊಳಗಿನ ಮಾತು ಕೇಳುತ್ತದೆಯೇ?

ಗೂಬೆಯ ಆಕಾರದ ಈ ಸಾಧನವನ್ನು ಮೇಜಿನ ನಡುವೆ ಇಡಬೇಕು. ಅದರ ನೆತ್ತಿಯಲ್ಲಿರುವ ಕ್ಯಾಮೆರಾ ಸುತ್ತಲಿನ 360 ಡಿಗ್ರಿಯನ್ನೂ ಸೆರೆಹಿಡಿಯುತ್ತದೆ; 8 ಮೈಕ್‌ಗಳು ಮತ್ತು ಧ್ವನಿವರ್ಧಕಗಳು ಅದರಲ್ಲೇ ಅಡಕವಾಗಿವೆ. ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಝೂಮ್, ಗೂಗಲ್ ಮೀಟ್, ಟೀಮ್ಸ್ ಇವುಗಳಿಗೆ ಅದು ಸಾಮಾನ್ಯ ವೆಬ್‌ಕ್ಯಾಮ್ ಆಗಿಯೇ ಕಾಣುತ್ತದೆ. ಪ್ರತ್ಯೇಕ ಐಟಿ ಸಿಬ್ಬಂದಿಯನ್ನು ಇಟ್ಟುಕೊಳ್ಳಲಾಗದ ಸಂಸ್ಥೆಗೆ ಇದು ದೊಡ್ಡ ಅನುಕೂಲ. ಮೊದಲ ಬಾರಿ ಮೊಬೈಲ್ ಆ್ಯಪ್‌ನಲ್ಲಿ ನೋಂದಾಯಿಸಿದ ಮೇಲೆ ಯಾರು ಬೇಕಾದರೂ ಸಭೆಯನ್ನು ಆರಂಭಿಸಬಹುದು.

ಸುಮಾರು 5.5 ಮೀಟರ್ ದೂರದವರೆಗಿನ ಮಾತನ್ನು ಗ್ರಹಿಸುವ ಮೈಕ್‌ಗಳೇ ಈ ಸಾಧನದ ನಿಜವಾದ ಬೆಲೆ ಎಂಬುದು ನನ್ನ ಅಭಿಪ್ರಾಯ. ಜಾಹೀರಾತುಗಳು ಕ್ಯಾಮೆರಾವನ್ನೇ ಮುಂದಿಟ್ಟರೂ, ದುರ್ಬಲ ಸಂಪರ್ಕವಿರುವ ಊರಿನಿಂದ ಮೊಬೈಲ್‌ನಲ್ಲಿ ಸಭೆಗೆ ಸೇರುವ ಕಾರ್ಯಕರ್ತರು ಮೊದಲು ನಿಲ್ಲಿಸುವುದು ವಿಡಿಯೊವನ್ನೇ, ಮತ್ತು ಆಗ ಅವರ ಪಾಲಿಗೆ ಉಳಿಯುವುದು ಧ್ವನಿ ಮಾತ್ರ. ಚಿತ್ರವನ್ನು ಇಟ್ಟುಕೊಂಡವರಿಗೂ ಮೊಬೈಲ್ ಪರದೆಯಲ್ಲಿ, ಮೇಲಂಚಿನ ಪಟ್ಟಿಯಂತೆ ಕಾಣುವ ಇಡೀ ಕೊಠಡಿಯ ನೋಟದಲ್ಲಿ ಮುಖಗಳು ಬಹಳ ಚಿಕ್ಕದಾಗುತ್ತವೆ. ಅದರ ಕೆಳಗೆ ಮಾತನಾಡುತ್ತಿರುವವರನ್ನು ದೊಡ್ಡದಾಗಿ ತೋರಿಸುವ ಚೌಕಟ್ಟೇ ಹೆಚ್ಚು ಉಪಯುಕ್ತ. ಯಾರು ಮಾತನಾಡುತ್ತಿದ್ದಾರೆಂದು ಪ್ರತಿ ಬಾರಿ ಕೇಳಬೇಕಾಗದೆ ಇರುವುದರಿಂದ ಹೊರಗಿನವರು ಧೈರ್ಯವಾಗಿ ನಡುವೆ ಬಾಯಿ ಹಾಕುತ್ತಾರೆ, ಮತ್ತು ಹೈಬ್ರಿಡ್ ಸಭೆಯಿಂದ ನಾವು ಬಯಸಬೇಕಾದದ್ದು ಇದನ್ನೇ ಅಲ್ಲವೇ?

ಕ್ಯಾಮೆರಾ ಮೇಜಿನ ಮಧ್ಯದಲ್ಲಿದ್ದು ಪರದೆ ಗೋಡೆಯ ಮೇಲಿದ್ದರೆ, ಕೊಠಡಿಯಲ್ಲಿರುವವರೆಲ್ಲ ಸಹಜವಾಗಿ ಪರದೆಯತ್ತ ತಿರುಗುತ್ತಾರೆ ಮತ್ತು ಹೊರಗಿನವರಿಗೆ ಅವರ ಮುಖದ ಒಂದು ಪಾರ್ಶ್ವವಷ್ಟೇ ಕಾಣುತ್ತದೆ. ದುಂಡು ಮೇಜಿನಲ್ಲಿ ಈ ತೊಂದರೆ ಕಡಿಮೆ. ಉದ್ದನೆಯ ಮೇಜಿನಲ್ಲಿ ಹೆಚ್ಚು. ಬಿಳಿ ಹಲಗೆಯ ಮೇಲೆ ಬರೆದದ್ದನ್ನು ತೋರಿಸಬೇಕಾದವರು, ಕಂಪನಿ ಅದಕ್ಕೆಂದೇ ಪ್ರತ್ಯೇಕ ಕ್ಯಾಮೆರಾವನ್ನು ರೂಪಿಸಿತ್ತು ಎಂಬುದನ್ನು ಗಮನಿಸಬೇಕು. ನನ್ನ ಸಲಹೆಯೆಂದರೆ ಹಲಗೆಯನ್ನೇ ಬದಿಗಿಟ್ಟು, ಎಲ್ಲರೂ ತೆರೆಯಬಲ್ಲ ಆನ್‌ಲೈನ್ ದಾಖಲೆಯಲ್ಲಿ ಟಿಪ್ಪಣಿ ಬರೆಯುವುದು.

ಗೋಪ್ಯತೆಯ ವಿಷಯದಲ್ಲಿ ಸಂಸ್ಥೆಗಳು ವಿಶೇಷ ಎಚ್ಚರ ವಹಿಸಬೇಕು. ದೌರ್ಜನ್ಯಕ್ಕೆ ಒಳಗಾದವರ, ರೋಗಿಗಳ, ಮಕ್ಕಳ ವಿವರಗಳು ಈ ಸಭೆಗಳಲ್ಲಿ ಚರ್ಚೆಗೆ ಬರುತ್ತವೆ. ಮೋಡ್‌ಝೀರೋ ಎಂಬ ಭದ್ರತಾ ಸಂಸ್ಥೆ ಹಿಂದಿನ ಮಾದರಿಯಾದ ಮೀಟಿಂಗ್ ಔಲ್ ಪ್ರೊದಲ್ಲಿ ಗಂಭೀರ ಲೋಪಗಳಿರುವುದನ್ನು 2022ರಲ್ಲಿ ಬಹಿರಂಗಪಡಿಸಿತು, ಮತ್ತು ಆ ಬಳಿಕ ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡಿತು. ಉಳಿತಾಯಕ್ಕಾಗಿ ಬಳಸಿದ ಹಳೆಯ ಮಾದರಿಯನ್ನು ಕೊಳ್ಳುವ ಅಥವಾ ದಾನವಾಗಿ ಪಡೆಯುವ ಸಂಸ್ಥೆಗಳು ಮೊದಲು ಆ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಬೇಕು ಮತ್ತು ಫಲಾನುಭವಿಗಳ ಕಡತಗಳಿರುವ ಜಾಲದಿಂದ ಸಾಧನವನ್ನು ಬೇರೆಯಾಗಿಡಬೇಕು. ಗೂಬೆಯ ಕಣ್ಣಿನ ದೀಪ ಉರಿಯುವುದರಿಂದ ಸಾಧನ ಚಾಲನೆಯಲ್ಲಿದೆ ಎಂದು ಕೊಠಡಿಯಲ್ಲಿರುವವರಿಗೆ ತಿಳಿಯುವುದು ಮೆಚ್ಚುವಂಥದ್ದೇ. ಆದರೂ ಆಪ್ತ ಸಮಾಲೋಚನೆ ನಡೆಯುವ ಕೊಠಡಿಯಲ್ಲಿ ಅದನ್ನು ಇಡಲೇಬಾರದು.

ಇನ್ನು ಹಣದ ಪ್ರಶ್ನೆ. ಸಾಮಾನ್ಯ ಸ್ಪೀಕರ್‌ಫೋನ್‌ಗೆ ಹೋಲಿಸಿದರೆ ಇದು ದುಬಾರಿ. ನಾಲ್ಕೈದು ಜನರಷ್ಟೇ ಸೇರುವ ಚಿಕ್ಕ ಕೊಠಡಿಗೆ ಒಳ್ಳೆಯ ಸ್ಪೀಕರ್‌ಫೋನ್ ಮತ್ತು ಲ್ಯಾಪ್‌ಟಾಪ್‌ನ ಕ್ಯಾಮೆರಾ ಸಾಕು. ಅಂಥ ಸಂಸ್ಥೆಗೆ ಔಲ್ ಅನ್ನು ನಾನು ಶಿಫಾರಸು ಮಾಡುವುದಿಲ್ಲ. ಎಂಟು ಹತ್ತು ಜನರು ಮೇಜಿನ ಸುತ್ತ ಕುಳಿತು, ಅಷ್ಟೇ ಜನರು ಹೊರಗಿನಿಂದ ಸೇರುವ ಆಡಳಿತ ಮಂಡಳಿಯ ಸಭೆ ಮತ್ತು ಯೋಜನಾ ಪರಿಶೀಲನೆಗಳು ನಿಯಮಿತವಾಗಿ ನಡೆಯುವಲ್ಲಿ ಮಾತ್ರ ಈ ವೆಚ್ಚ ಸಮರ್ಥನೀಯ. ಅದಕ್ಕಿಂತ ದೊಡ್ಡ ಕೊಠಡಿಯಿದ್ದರೆ ಎರಡು ಸಾಧನಗಳನ್ನು ನಿಸ್ತಂತುವಾಗಿ ಜೋಡಿಸಬಹುದು, ಇಲ್ಲವೇ ಹೆಚ್ಚುವರಿ ಮೈಕ್ ಸೇರಿಸಬಹುದು. ದಾನಿಗಳಲ್ಲಿ ಅನೇಕರು ಆಡಳಿತ ವೆಚ್ಚಕ್ಕೆ ಮಿತಿ ಹಾಕುವುದರಿಂದ, ಕ್ಷೇತ್ರ ಸಿಬ್ಬಂದಿಯ ತರಬೇತಿ ಮತ್ತು ಮೇಲ್ವಿಚಾರಣೆಗೆ ಇದು ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಪ್ರಸ್ತಾವನೆಯಲ್ಲೇ ಪ್ರಾಮಾಣಿಕವಾಗಿ ವಿವರಿಸಿ, ಖರೀದಿಗೆ ಮುನ್ನ ಅವರ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು.