ತರಗತಿ ಬ್ಲಾಗ್: ಎಂಟರಿಂದ ಹತ್ತನೇ ಕ್ಲಾಸಿನವರೆಗೆ ನಡೆಸಿದ ಮೇಲೆ ಬರೆದ ವಿಮರ್ಶೆ

ನಾನು ಕಲಬುರಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲ ಎಸ್‌ಎಸ್‌ಎಲ್‌ಸಿ ಮುಗಿಸಿ ಹೋದ ಮಕ್ಕಳು ಎಂಟನೇ ಕ್ಲಾಸಿಗೆ ಬಂದಾಗ ಗೂಗಲ್‌ನ ಬ್ಲಾಗರ್ ತಾಣದಲ್ಲಿ ಮಕ್ಕಳ ಬರಹ ಹಾಕಲು ಒಂದು ತರಗತಿ ಬ್ಲಾಗ್ ತೆರೆದೆವು. ಅಲ್ಲಿಂದ ಬಿಡದೆ ನಡೆಸಿದ್ದೇವೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮೊದಲು ಲಾಭದ ಮಾತು. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಓದುವವನು ನಾನೊಬ್ಬನೇ. ಅದೂ ಕೆಂಪು ಪೆನ್ನು ಹಿಡಿದು. ಹಾಗಾಗಿ ಮಕ್ಕಳು ನನಗೆ ಬೇಕಾದ್ದನ್ನಷ್ಟೇ ಬರೆಯುತ್ತಾರೆ. ಒಬ್ಬ ಹುಡುಗಿ ತೊಗರಿ ಬಗ್ಗೆ ಪ್ರಬಂಧ ಬರೆದಿದ್ದಳು. ‘ನಮ್ಮ ಜಿಲ್ಲೆ ತೊಗರಿಯ ಕಣಜ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ’ ಅಂತೆಲ್ಲ ಇತ್ತು. ತಪ್ಪೇನಿಲ್ಲ, ಆದರೆ ಅವಳ ಹೊಲ ಅದರಲ್ಲಿ ಎಲ್ಲೂ ಇರಲಿಲ್ಲ. ಬ್ಲಾಗಿಗೆ ಹಾಕಿದೆವು. ಮೈಸೂರು ಕಡೆಯ ಒಂದು ಶಾಲೆಯ ಮಕ್ಕಳೂ ನಮ್ಮದನ್ನು ಓದುತ್ತಾರೆ. ಅಲ್ಲಿಂದ ಒಬ್ಬ ಹುಡುಗ ‘ತೊಗರಿಯನ್ನು ಗಿಡದಿಂದ ಹೇಗೆ ಬಿಡಿಸ್ತೀರಿ?’ ಅಂತ ಕೇಳಿದ. ಮರುದಿನ ಬೆಳಿಗ್ಗೆ ಇವಳು ಓಡಿ ಬಂದಳು: ‘ಸರ್, ಯಾರೋ ಕೇಳ್ಯಾರ್ರಿ, ಏನಂತ ಬರೀಲಿ?’

ಅವಳು ಕೊಟ್ಟ ಉತ್ತರ ಪ್ರಬಂಧಕ್ಕಿಂತ ಉದ್ದವಾಗಿತ್ತು. ಗಿಡ ಕೊಯ್ದು ಒಣಗಲು ಬಿಡುವುದು, ರಾಶಿ ಮಾಡುವ ಮಷೀನಿಗೆ ಪಾಳಿ ಕಾಯುವುದು, ‘ಅವತ್ತು ಮೂಗಿಗೆ ಬಟ್ಟಿ ಕಟ್ಕೋಬೇಕು, ಹೊಟ್ಟು ಕಣ್ಣಾಗ ಬೀಳ್ತದ’, ಆ ಹೊಟ್ಟನ್ನೇ ಎತ್ತುಗಳಿಗೆ ಕೂಡಿಡುವುದು ಎಲ್ಲ ಬಂತು. ನಾನು ಒಂದಕ್ಷರ ತಿದ್ದಲಿಲ್ಲ. ಇಂಥ ಬರಹ ಬರಬೇಕು ಅಂತಲೇ ಅಲ್ವಾ ನಾವು ಪಾಠ ಮಾಡೋದು!

ನಕಲು ಮಾಡುವ ಚಟ ಮಾತ್ರ ಬ್ಲಾಗ್‌ನಿಂದ ಹೋಗುವುದಿಲ್ಲ. ಕಲಬುರಗಿ ಕೋಟೆ ಬಗ್ಗೆ ಬರೆಯಲು ಹೇಳಿದರೆ ಮೂರು ಮಕ್ಕಳಿಂದ ಒಂದೇ ಪ್ಯಾರಾ ಬಂತು, ಇಂಟರ್ನೆಟ್‌ನಿಂದ ಎತ್ತಿದ್ದು. ವಾಪಸ್ ಕೊಟ್ಟು ‘ಹೋಗಿ ನೋಡಿ ಬನ್ನಿ, ಕಣ್ಣಿಗೆ ಬಿದ್ದದ್ದನ್ನು ಬರೆಯಿರಿ’ ಅಂದೆ. ಒಬ್ಬ ಹುಡುಗ ಭಾನುವಾರ ಅಣ್ಣನ ಜೊತೆ ಹೋಗಿ ಬಂದು, ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ನಡುವೆ ಬಯಲು ಅಂಗಳವೇ ಇಲ್ಲ, ಪೂರ್ತಿ ಛಾವಣಿ ಇದೆ ಅಂತ ಬರೆದ. ನೋಡಿ ಬಂದು ಬರೆಯುವುದೇ ಈಗ ನಮ್ಮ ನಿಯಮ.

ಈಗ ತೊಂದರೆಗಳು. ಎಲ್ಲಕ್ಕಿಂತ ದೊಡ್ಡದು ಫೋನಿನ ಸಮಸ್ಯೆ. ಬಹಳ ಮನೆಗಳಲ್ಲಿ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ರಾತ್ರಿ ಅದು ಮನೆಗೆ ಬಂದರೂ ಮೊದಲು ಸಿಗುವುದು ಗಂಡು ಮಕ್ಕಳ ಕೈಗೆ. ಮನೆಯಲ್ಲಿ ಟೈಪ್ ಮಾಡಿ ತನ್ನಿ ಎಂದರೆ ಹೆಣ್ಣು ಮಕ್ಕಳು ಸುಮ್ನೆ ಹಿಂದೆ ಬೀಳುತ್ತಾರೆ. ಇದು ನನಗೆ ತುಂಬ ನೋವು ಕೊಟ್ಟ ವಿಷಯ. ಹಾಗಾಗಿ ಎಲ್ಲರೂ ಮೊದಲು ಹಾಳೆಯ ಮೇಲೆ ಬರೆಯಬೇಕು, ಟೈಪಿಂಗ್ ಶಾಲೆಯ ಕಂಪ್ಯೂಟರಿನಲ್ಲೇ ಆಗಬೇಕು ಎಂದು ಮಾಡಿಕೊಂಡೆವು. ಕರೆಂಟ್ ಹೋದರೆ ಆ ವಾರ ಬರಹ ಇಲ್ಲ, ಅಷ್ಟೆ.

ಟೈಪಿಂಗ್‌ನಲ್ಲೂ ಒಂದೆರಡು ತೊಡಕಿವೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಹೊಡೆದದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರವೇ ಬೇಕು. ಫೋನಿಗೆ ಮಾತಾಡಿ ಬರೆಸುವುದು ಸುಲಭ, ಆದರೆ ಮಹಾಪ್ರಾಣ, ಶ-ಷ ಎಲ್ಲ ಫೋನೇ ಹಾಕಿಕೊಡುತ್ತದೆ. ಮಗು ಕಾಗುಣಿತ ಕಲಿಯುವುದು ಯಾವಾಗ? ನಾನು ಅದನ್ನು ಬಿಡಿಸಿದ್ದೇನೆ.

ಸುರಕ್ಷತೆ ವಿಷಯದಲ್ಲಿ ರಾಜಿ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ನಾವು ಪಾಲಕರ ಸಭೆಯಲ್ಲೇ ಸಹಿ ತೆಗೆದುಕೊಂಡೆವು. ಮುಖದ ಫೋಟೊ ಇಲ್ಲ, ಮನೆತನದ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಖಾತೆ ನನ್ನದು ಮಾತ್ರ. ಕಾಮೆಂಟ್‌ಗಳಿಗೆ ‘ಯಾವಾಗಲೂ ಪರಿಶೀಲನೆ’ ಹಾಕಿದ್ದೇನೆ, ನಾನು ನೋಡದೆ ಒಂದೂ ಹೊರಗೆ ಕಾಣುವುದಿಲ್ಲ. ದೊಡ್ಡ ಮಕ್ಕಳಿಗೆ ಬೇರೆ ಬೇರೆ ಲಾಗಿನ್ ಕೊಡುವ ಯೋಚನೆ ಇದ್ದರೆ ವರ್ಡ್‌ಪ್ರೆಸ್ ಎಂಬ ಇನ್ನೊಂದು ಬ್ಲಾಗ್ ತಾಣವನ್ನೂ ನೋಡಿ. ಅದರಲ್ಲಿ ಬರೆಯಬಹುದು ಆದರೆ ತಾನೇ ಪ್ರಕಟಿಸಲಾಗದು ಎನ್ನುವಂಥ ‘ಕಾಂಟ್ರಿಬ್ಯೂಟರ್’ ಎಂಬ ಪಾತ್ರ ಇದೆ. ಬ್ಲಾಗರ್‌ನಲ್ಲಿ ಲೇಖಕ ಎಂದು ಸೇರಿಸಿದವರು ನೇರವಾಗಿ ಪ್ರಕಟಿಸಬಹುದು.

ಶಿಕ್ಷಕರ ಸಮಯವೂ ಜಾಸ್ತಿ ಹೋಗುತ್ತದೆ. ಓದಿ, ಮಗುವಿನ ಜೊತೆ ಕೂತು ಮಾತಾಡಿ, ಕಾಮೆಂಟ್ ನೋಡಿ ಮುಗಿಸುವಷ್ಟರಲ್ಲಿ ಶನಿವಾರ ಮಧ್ಯಾಹ್ನ ಕಳೆದಿರುತ್ತದೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೆ ಮತ್ತು ಫೋನಿನ ಅಸಮಾನತೆಗೆ.

ಶುರು ಮಾಡುವವರು ಎಂಟನೇ ಕ್ಲಾಸಿನ ಜೂನ್‌ನಲ್ಲೇ ಮಾಡಿ. ಹತ್ತರಲ್ಲಿ ಪರೀಕ್ಷೆ ತಯಾರಿ ನಡುವೆ ಹೊಸದಾಗಿ ರೂಢಿ ಮಾಡಿಸಲು ಆಗುವುದಿಲ್ಲ. ಮಗುವಿಗೊಂದು ಬ್ಲಾಗ್ ಬೇಡ, ಇಡೀ ತರಗತಿಗೆ ಒಂದು ಸಾಕು. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ (ಎಲ್ಲ ಬರಹಗಳ ಪ್ರತಿ) ಇಳಿಸಿಕೊಳ್ಳುವ ಆಯ್ಕೆ ಇದೆ. ಪ್ರತಿ ಮಾರ್ಚ್‌ನಲ್ಲಿ ಅದನ್ನು ಇಳಿಸಿ ಶಾಲೆಯ ಪೆನ್‌ಡ್ರೈವ್‌ನಲ್ಲಿ ಇಡಿ. ಮಕ್ಕಳು ಟಿಸಿ ತೆಗೆದುಕೊಂಡು ಹೋಗುವಾಗ ಅವರವರ ಬರಹದ ಪ್ರಿಂಟ್ ಕೈಗೆ ಕೊಡಿ.