ಹಳೆ ಗೇಮ್ ಹೊಸ ಪಿಸಿಗೆ: ಡಬ್ಬಿ ಡಿಸ್ಕ್, ಸ್ಟೀಮ್, ಜಿಒಜಿ, ಮೂರನ್ನೂ ಹಾಕಿ ನೋಡ್ದೆ

ಗೇಮ್ ತಗೊಂಡ ದಿನ ಎಲ್ಲಾ ಚೆನ್ನಾಗೇ ಇರುತ್ತೆ. ಜೊತೆಗೆ ಬಂದ ಕೀ ನಂಬರ್ ಹೊಡೀತೀವಿ, ಆಕ್ಟಿವೇಟ್ ಆಗುತ್ತೆ, ಆಡ್ತೀವಿ. ಕಾಪಿ ಪ್ರೊಟೆಕ್ಷನ್, ಅಂದ್ರೆ ಯಾರೂ ಕದ್ದು ಕಾಪಿ ಮಾಡದ ಹಾಗೆ ಗೇಮ್‌ಗೆ ಹಾಕೋ ಬೀಗ, ಅನ್ನೋದು ನಮ್ಮ ಜೊತೆ ಜಗಳಕ್ಕೆ ನಿಲ್ಲೋದು ಹತ್ತು ವರ್ಷ ಕಳೆದ್ಮೇಲೆ, ಮದರ್‌ಬೋರ್ಡ್ ಹೊಗೆ ಹಾಕ್ಸಿಕೊಂಡು ಹೊಸ ಪಿಸಿ ಕಟ್ಟಿಸಿದಾಗ. ಅದಕ್ಕೇ ಯಾವ ಗೇಮ್ ಎಲ್ಲಿ ತಗೊಳ್ಳೋದು ಅಂತ ಯಾರಾದ್ರೂ ಕೇಳಿದ್ರೆ, ರೇಟ್ ಆಮೇಲೆ ನೋಡೋಣ, ಮೊದಲು ಇದು ಎರಡನೇ ಸಲ ಇನ್‌ಸ್ಟಾಲ್ ಆಗುತ್ತಾ ಹೇಳು ಅಂತೀನಿ.

ಈಚೆಗೆ ವಿಂಡೋಸ್ 11 ಇರೋ ಹೊಸ ಪಿಸಿ ಬಂತು. ಈಗಿನ ಕ್ಯಾಬಿನೆಟ್‌ನಲ್ಲಿ ಡಿವಿಡಿ ಡ್ರೈವ್ ಕೂರಿಸೋಕೆ ಜಾಗಾನೇ ಇರಲ್ಲ, ಹಾಗಾಗಿ ಯುಎಸ್‌ಬಿಗೆ ಚುಚ್ಚೋ ಡ್ರೈವ್ ಒಂದು ತಗೊಂಡು ಬಂದು, ಕಪಾಟಲ್ಲಿ ಧೂಳು ಹಿಡಿದಿದ್ದ 2005ರಿಂದ 2012ರ ತನಕದ ಡಬ್ಬಿಗಳು, ನೆಟ್ ಮೇಲೆ ಗೇಮ್ ಮಾರೋ ಸ್ಟೀಮ್ ಅನ್ನೋ ಅಂಗಡಿಯ ಅಕೌಂಟಲ್ಲಿರೋವು, ಅಂಥದ್ದೇ ಇನ್ನೊಂದು ಅಂಗಡಿ ಜಿಒಜಿಯಲ್ಲಿ ತಗೊಂಡಿದ್ದು, ಎಲ್ಲಾನೂ ಹಾಕಿ ನೋಡ್ದೆ. ಬೀಗ ಒಡೆಯೋ ಕ್ರ್ಯಾಕ್ ಗೀಕ್ ಎಲ್ಲಾ ಇದರಲ್ಲಿ ಸೇರಿಸಿಲ್ಲ. ದುಡ್ಡು ಕೊಟ್ಟ ಮಾಲು ಕಂಪನಿ ಹೇಳಿದ ದಾರೀಲೇ ಓಡುತ್ತಾ ಅಂತ ನೋಡೋದಷ್ಟೇ ನನ್ನ ಉದ್ದೇಶ.

ಮೊದಲು ಡಬ್ಬಿ. ಇದರಲ್ಲೇ ಎರಡು ಜಾತಿ ಇದೆ. ಒಂದು, ನೆಟ್ ಬೇಡ, ಡ್ರೈವ್‌ನಲ್ಲಿ ಡಿಸ್ಕ್ ಇರ್ಬೇಕು ಅಷ್ಟೇ. ಇನ್ನೊಂದು, ನೆಟ್ ಮೇಲೆ ಆಕ್ಟಿವೇಟ್ ಆಗೋದು, ಅದೂ ಇಷ್ಟೇ ಸಲ ಅಂತ ಲೆಕ್ಕ ಇಟ್ಕೊಂಡಿರೋದು.

ಮೊದಲನೇ ಜಾತೀದು ಸಲೀಸಾಗಿ ಆಗುತ್ತೆ ಅನ್ಕೊಂಡು ಒಂದು ಕಾರ್ ರೇಸಿಂಗ್ ಗೇಮ್ ಹಾಕ್ದೆ. ಇನ್‌ಸ್ಟಾಲ್ ಪೂರ್ತಿ ಆಯ್ತು, ಡಬ್ಬಿ ಒಳಗೆ ಅಂಟಿಸಿದ್ದ ಕೀ ಒಪ್ಪಿಕೊಳ್ತು, ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಏನೂ ಇಲ್ಲ. ಎರರ್ ಕೂಡ ಬರಲ್ಲ, ಸುಮ್ನೆ ಕೂತಿರುತ್ತೆ. ಕಾರಣ ಏನು ಅಂದ್ರೆ ಆ ಕಾಲದ ಎಷ್ಟೋ ಗೇಮ್‌ಗಳಲ್ಲಿ ಇದ್ದಿದ್ದು ಸೇಫ್‌ಡಿಸ್ಕ್ ಅನ್ನೋ ಬೀಗ. ಮಾಮೂಲಿ ರೈಟರ್ ಕಾಪಿ ಮಾಡೋಕಾಗದೇ ಇರೋ ಥರ ಡಿಸ್ಕ್ ಮೇಲೆ ಬೇಕಂತಲೇ ಕೆಲವು ಕಡೆ ಕೆಟ್ಟ ಸೆಕ್ಟರ್ ಇಟ್ಟು, ಅದನ್ನ ಓದಿ ನೋಡೋಕೆ ವಿಂಡೋಸ್ ಒಳಗೇ ಒಂದು ಡ್ರೈವರ್ ಇರೋದು. ಆ ಡ್ರೈವರ್ ಕೂರೋದು ಸಿಸ್ಟಮ್‌ನ ಒಳಮನೇಲಿ, ಅಲ್ಲಿ ತೂತು ಇದ್ರೆ ವೈರಸ್‌ಗಳಿಗೆ ಹಬ್ಬ. ಅದಕ್ಕೇ 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದಕ್ಕೆ ಸಪೋರ್ಟ್ ಕೈಬಿಡ್ತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಂದು ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟು ವಿಂಡೋಸ್ 7, 8ರಲ್ಲೂ ಅದನ್ನ ಆಫ್ ಮಾಡ್ತು. 7ರಲ್ಲಿ ಬೇಕು ಅಂದ್ರೆ ಕಮಾಂಡ್ ಹೊಡೆದು ಮತ್ತೆ ಆನ್ ಮಾಡ್ಕೋಬಹುದು, 10, 11ರಲ್ಲಿ ಆ ದಾರೀನೂ ಇಲ್ಲ. ಕೀಲಿಕೈ ನಮ್ಮ ಜೇಬಲ್ಲೇ ಇದೆ, ಆದ್ರೆ ಬಾಗಿಲು ಇದ್ದ ಜಾಗಕ್ಕೆ ಯಾರೋ ಗೋಡೆ ಎಬ್ಬಿಸಿ ಹೋಗಿದ್ದಾರೆ. ಸೆಕ್ಯುರಿಟಿ ದೃಷ್ಟಿಯಿಂದ ಅವರು ಮಾಡಿದ್ದು ಸರಿ ಅಂತ ನಾನೂ ಒಪ್ತೀನಿ, ತಪ್ಪು ಅಂಥ ಬೀಗ ಹಾಕಿದವರದ್ದು.

ಎರಡನೇ ಜಾತಿ ಬೇರೆ ಥರದ ಗೋಳು. 2007ರ ಆಗಸ್ಟ್‌ನಲ್ಲಿ ಬಂದ ಬಯೋಶಾಕ್ ನೆನಪಿದೆಯಾ? ಸೆಕ್ಯುರಾಮ್ ಅನ್ನೋ ಇನ್ನೊಂದು ಬೀಗ ಹಾಕಿ ಮೊದಲು ಎರಡೇ ಆಕ್ಟಿವೇಶನ್ ಅಂದ್ರು, ಗಲಾಟೆ ಆದ್ಮೇಲೆ ಐದು ಮಾಡಿದ್ರು, 2008ರಲ್ಲಿ ಲಿಮಿಟ್ಟೇ ತೆಗೆದು ಹಾಕಿದ್ರು. ಅದೇ 2008ರಲ್ಲಿ ಮಾಸ್ ಎಫೆಕ್ಟ್, ಸ್ಪೋರ್ ಎರಡೂ ಮೂರು ಆಕ್ಟಿವೇಶನ್ ಲೆಕ್ಕದಲ್ಲಿ ಬಂದ್ವು, ಅದರಲ್ಲೂ ಮೊದಲು ಹತ್ತು ದಿನಕ್ಕೊಂದು ಸಲ ಸರ್ವರ್‌ಗೆ ಹಾಜರಿ ಹಾಕ್ಬೇಕು ಅನ್ನೋ ಪ್ಲಾನ್ ಇತ್ತು, ಜನ ಬೈದಿದ್ದಕ್ಕೆ ಬಿಟ್ಟರು. ಸ್ಪೋರ್ ಮೇಲಂತೂ ಅಮೆರಿಕಾದಲ್ಲಿ ಕೇಸೇ ಬಿತ್ತು. ಆಮೇಲೆ ಆಕ್ಟಿವೇಶನ್ ವಾಪಸ್ ಕೊಡೋಕೆ ಅಂತ ಒಂದು ಪುಟ್ಟ ಟೂಲ್ ಬಿಟ್ಟರು, ಹಳೇ ಪಿಸಿಯಲ್ಲಿ ಅದನ್ನ ಓಡಿಸಿದ್ರೆ ಒಂದು ಲೆಕ್ಕ ವಾಪಸ್ ಸಿಗುತ್ತೆ.

ನಮ್ಮ ಕಡೆ ಈ ಲೆಕ್ಕ ಯಾಕೆ ಕೂಡಲ್ಲ ಅಂದ್ರೆ, ಇಲ್ಲಿ ಪಿಸಿಗೆ ಏನೇ ಆಗ್ಲಿ, ಸ್ಲೋ ಆಗ್ಲಿ, ಸೌಂಡ್ ಬರದೇ ಇರ್ಲಿ, ಪೆನ್‌ಡ್ರೈವ್‌ನಿಂದ ವೈರಸ್ ಬರ್ಲಿ, ಎಸ್‌ಪಿ ರೋಡ್ ಅಂಗಡಿಯವರಿಂದ ಹಿಡಿದು ಪಕ್ಕದ ಬೀದಿ ಸರ್ವಿಸ್ ಹುಡುಗನ ತನಕ ಹೇಳೋದು ಒಂದೇ ಮಾತು, "ಸಾರ್, ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡೋಣ." ಹೊಡೆದೇ ಬಿಡ್ತಾರೆ. ಆ ಟೂಲ್ ಓಡಿಸೋಕೆ ಟೈಮ್ ಯಾರು ಕೊಡ್ತಾರೆ, ಹಾರ್ಡ್‌ಡಿಸ್ಕೇ ಸತ್ತಿದ್ರಂತೂ ಓಡಿಸೋದಾದ್ರೂ ಎಲ್ಲಿ. ಜೊತೆಗೆ ಅಸೆಂಬಲ್ಡ್ ಪಿಸಿ ಅಂದ್ಮೇಲೆ ಈ ವರ್ಷ ರ‍್ಯಾಮ್, ಮುಂದಿನ ವರ್ಷ ಗ್ರಾಫಿಕ್ಸ್ ಕಾರ್ಡ್ ಅಂತ ಬಿಡಿಬಿಡಿಯಾಗಿ ಬದಲಾಗ್ತಾ ಇರುತ್ತೆ, ಈ ಬೀಗಗಳೋ ಪಿಸಿಯ ಪಾರ್ಟ್‌ಗಳನ್ನೇ ನೋಡಿ ಗುರುತು ಹಿಡಿಯೋದು. ಅನ್ನೋ 2070 ಅಂತ ಒಂದು ಗೇಮ್‌ನಲ್ಲಿ (ಹೌದು, ಹೆಸರೇ ಅನ್ನೋ) ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿದ್ರೂ ಹೊಸ ಮಷೀನ್ ಅಂತ ಲೆಕ್ಕ ಹಿಡೀತು ಅಂತ 2012ರಲ್ಲಿ ದೊಡ್ಡ ಸುದ್ದಿ ಆಗಿತ್ತು.

ನನ್ನ ಹತ್ರ ಇರೋ ಆ ಕಾಲದ ಒಂದು ಶೂಟಿಂಗ್ ಗೇಮ್, ಕಂಪನಿ ಹೆಸರು ಬೇಡ ಬಿಡಿ, ಈ ಸಲ ಹಾಕಿದ್ರೆ ಲಿಮಿಟ್ ಮುಗೀತು ಅಂತು. ಸಪೋರ್ಟ್‌ಗೆ ಬರೆದ್ರೆ ಕೀ ಇರೋ ಕಾಗದದ ಮೇಲೆ ಟಿಕೆಟ್ ನಂಬರ್ ಪೆನ್ನಲ್ಲಿ ಬರೆದು ಫೋಟೋ ಕಳಿಸಿ, ಬಿಲ್ ಕೂಡ ಬೇಕು ಅಂದ್ರು. ಬಿಲ್! ಹದಿನೈದು ವರ್ಷದ ಹಿಂದಿನ ಥರ್ಮಲ್ ಪೇಪರ್ ಬಿಲ್ ಅದು, ಸಿಕ್ಕಿದ್ರೂ ಬಿಳಿ ಹಾಳೆ. ಬಿಲ್ ಇಲ್ಲ, ಡಬ್ಬಿ ಮೇಲಿನ ಎಂಆರ್‌ಪಿ ಸ್ಟಿಕ್ಕರ್ ನೋಡ್ಕೊಳಿ ಅಂತ ಫೋಟೋ ಕಳಿಸಿದ್ಮೇಲೆ, ಪಾಪ ಯಾರೋ ಒಳ್ಳೆಯವರು ಇದ್ರು ಅನ್ಸುತ್ತೆ, ಇನ್ನೊಂದು ಆಕ್ಟಿವೇಶನ್ ಕೊಟ್ರು. ಗೇಮ್ ಓಡ್ತಾ ಇದೆ. ಮುಂದಿನ ಪಿಸಿಗೆ ಮತ್ತೆ ಅವರ ಕಾಲಿಗೆ ಬೀಳ್ಬೇಕು, ಆ ಸಪೋರ್ಟ್ ಡೆಸ್ಕ್ ಅಷ್ಟರಲ್ಲಿ ಇದ್ರೆ.

ಇವೆರಡರ ಮಧ್ಯೆ ಒಂದು ವಿಚಿತ್ರ ಪ್ರಾಣಿ ಇತ್ತು, ಮೈಕ್ರೋಸಾಫ್ಟ್ ನಡೆಸ್ತಿದ್ದ ಆನ್‌ಲೈನ್ ಗೇಮ್ ಸೇವೆ, ಗೇಮ್ಸ್ ಫಾರ್ ವಿಂಡೋಸ್ ಲೈವ್. ಜಿಟಿಎ 4 ಪಿಸಿಗೆ 2008ರ ಡಿಸೆಂಬರ್‌ನಲ್ಲಿ ಬಂದಾಗ ಅದರಲ್ಲಿ ಸೆಕ್ಯುರಾಮ್ ಒಂದು, ರಾಕ್‌ಸ್ಟಾರ್ ಕಂಪನಿಯ ಸೋಶಿಯಲ್ ಕ್ಲಬ್ ಅಕೌಂಟ್ ಒಂದು, ಈ ಲೈವ್ ಒಂದು, ಮೂರು ಚೆಕ್‌ಪೋಸ್ಟ್. ಲೈವ್ ಪ್ರೊಫೈಲ್ ಮಾಡ್ಕೊಳ್ದೇ ಸೇವ್ ಕೂಡ ಆಗ್ತಿರ್ಲಿಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ಅದರ ಅಂಗಡಿ ಮುಚ್ತು, ಒಂದೊಂದೇ ಕಂಪನಿ ತಮ್ಮ ಗೇಮ್‌ನಿಂದ ಅದನ್ನ ಕಿತ್ತು ಹಾಕ್ತಾ ಬಂದ್ರು. 2020ರ ಜನವರಿಯಲ್ಲಿ ಏನಾಯ್ತು ನೋಡಿ, ಹೊಸ ಕೀ ಮಾಡೋಕೇ ಆಗ್ತಿಲ್ಲ ಅಂತ ಜಿಟಿಎ 4 ಸ್ಟೀಮ್‌ನಿಂದ ಮಾಯ ಆಯ್ತು, ಮಾರ್ಚ್‌ನಲ್ಲಿ ಲೈವ್ ತೆಗೆದು, ಜೊತೆಗೆ ಮಲ್ಟಿಪ್ಲೇಯರ್ ಕೂಡ ತೆಗೆದು ವಾಪಸ್ ಬಂತು. ಸ್ಟೀಮ್‌ನಲ್ಲಿ ಮುಂಚೆ ತಗೊಂಡಿದ್ದವರಿಗೆ ತಾನಾಗೇ ಹೊಸ ಕಾಪಿ ಸಿಕ್ತು.

ಇಲ್ಲಿಂದಲೇ ಸ್ಟೀಮ್‌ಗೆ ಬರೋಣ, ಯಾಕಂದ್ರೆ ಅದರ ದೊಡ್ಡ ಗುಣ ಇದೇ, ಬೀಗ ಹಾಳಾದ್ರೆ ರಿಪೇರಿ ಆಗಿರೋ ಕಾಪಿ ಮನೆಗೇ ಬರುತ್ತೆ. 2004ರಲ್ಲಿ ಹಾಫ್ ಲೈಫ್ 2 ಡಿಸ್ಕ್ ತಗೊಂಡವರೂ ಸ್ಟೀಮ್ ಅಕೌಂಟ್ ಮಾಡ್ಲೇಬೇಕು ಅಂದಾಗ ಜನ ಉಗಿದಿದ್ದೇ ಉಗಿದಿದ್ದು. ನಮಗಂತೂ ಆಗ ಅದು ಆಗದ ಮಾತು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದ್ಮೇಲೂ ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಮಾತ್ರ ಫ್ರೀ ಇರೋ ಪ್ಲಾನ್‌ನಲ್ಲಿ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗ್ತಾ ಇದ್ದ ಜನ ನಾವು, ಒಂದು ದೊಡ್ಡ ಗೇಮ್ ರೀಇನ್‌ಸ್ಟಾಲ್ ಮಾಡೋದು ಅಂದ್ರೆ ವಾರಗಟ್ಟಲೆ ಕೆಲಸ, ಅದಕ್ಕೇ ಆಗ ಡಿಸ್ಕೇ ದೇವರು. ಈಗ ಫೈಬರ್ ಬಂದು ಲೆಕ್ಕ ಪೂರ್ತಿ ಉಲ್ಟಾ ಆಗಿದೆ.

ಈ ಸಲ ಸ್ಟೀಮ್ ಗೇಮ್‌ಗಳಿಗೆ ನಾನು ಮಾಡಿದ್ದು ಇಷ್ಟೇ, ಲಾಗಿನ್ ಆಗಿ ಇನ್‌ಸ್ಟಾಲ್ ಒತ್ತಿದ್ದು. ಕೀ ಹುಡುಕೋ ಕೆಲಸ ಇಲ್ಲ, ಸಿವಿಲೈಸೇಶನ್ 5, ಸ್ಕೈರಿಮ್ ಎರಡೂ ಡಬ್ಬಿಯಲ್ಲಿ ತಗೊಂಡಿದ್ದೇ ಆದ್ರೂ ಅವುಗಳ ಕೀ ಆಗಲೇ ಸ್ಟೀಮ್ ಅಕೌಂಟಿಗೆ ಅಂಟಿಕೊಂಡಿರೋದ್ರಿಂದ ಡಿಸ್ಕ್ ಮುಟ್ಟೋ ಅಗತ್ಯಾನೇ ಬರ್ಲಿಲ್ಲ. ಹಳೇ ಪಿಸಿಯ ಡಿಸ್ಕ್‌ನಿಂದ ಸ್ಟೀಮ್‌ಆಪ್ಸ್ ಒಳಗಿನ ಗೇಮ್ ಫೋಲ್ಡರ್ ಕಾಪಿ ಮಾಡಿ ಆಮೇಲೆ ಇನ್‌ಸ್ಟಾಲ್ ಒತ್ತಿದ್ರೆ ಇರೋ ಫೈಲ್‌ಗಳನ್ನೇ ಗುರುತು ಹಿಡಿದು ಬಾಕಿ ಇರೋದನ್ನ ಮಾತ್ರ ಎಳ್ಕೊಳುತ್ತೆ. 2023ರಿಂದ ಒಂದೇ ವೈಫೈನಲ್ಲಿರೋ ಇನ್ನೊಂದು ಪಿಸಿಯಿಂದ ನೇರ ಎಳ್ಕೊಳೋ ಸೌಕರ್ಯಾನೂ ಇದೆ. ಎಷ್ಟು ಪಿಸಿಗೆ ಬೇಕಾದ್ರೂ ಹಾಕ್ಕೊಳಿ, ಲೆಕ್ಕ ಕೇಳಲ್ಲ. 2015ರಿಂದ ರೂಪಾಯಿ ರೇಟ್ ಇದೆ, ಈಗ ಯುಪಿಐನಲ್ಲೂ ಪೇಮೆಂಟ್ ಮಾಡ್ಬಹುದು.

ಹಾಗಂತ ಸ್ಟೀಮ್ ಬೀಗ ಇಲ್ಲದ ಮನೆ ಅಲ್ಲ. ಅಕೌಂಟೇ ಬೀಗ. ಆಫ್‌ಲೈನ್ ಮೋಡ್ ಇದೆ, ಅದಕ್ಕೂ ಮುಂಚೆ ಒಂದ್ಸಲ ಆನ್‌ಲೈನ್ ಆಗಿ ಲಾಗಿನ್ ಆಗಿರ್ಬೇಕು. 2024ರ ಜನವರಿ 1ರಿಂದ ವಿಂಡೋಸ್ 7, 8ಕ್ಕೆ ಸ್ಟೀಮ್ ಸಪೋರ್ಟ್ ನಿಂತಿದೆ, ಅಂದ್ರೆ 2008ರ ಗೇಮ್‌ನ ಆ ಕಾಲದ ಪಿಸಿಯಲ್ಲೇ ಆಡ್ತೀನಿ ಅನ್ನೋ ಹಳೇ ಹುಲಿಗಳಿಗೆ ಸ್ಟೀಮ್ ನಂಬಿಕೊಂಡು ಕೂರೋ ಹಾಗಿಲ್ಲ. 2024ರಲ್ಲೇ ಕಾರ್ಟ್ ಪೇಜಲ್ಲಿ ಒಂದು ಸಾಲು ಕಾಣಿಸ್ಕೊಳ್ತು, ನೀವು ಕೊಳ್ತಿರೋದು ಲೈಸೆನ್ಸ್ ಮಾತ್ರ ಅಂತ, ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಬಾಯಿಬಿಟ್ಟು ಹೇಳ್ಬೇಕು ಅಂತ ಕಾನೂನು ಬಂದ ಸಮಯ ಅದು. ಮುಂಚೆನೂ ಅಷ್ಟೇ ಇದ್ದಿದ್ದು, ಈಗ ಬರೆದು ಹಾಕಿದ್ದಾರೆ.

ಇನ್ನು ಜಿಒಜಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್‌ನವರು 2008ರಲ್ಲಿ, ಅದೇ ಸ್ಪೋರ್ ಗಲಾಟೆ ನಡೀತಿದ್ದ ಕಾಲಕ್ಕೆ, ಹಳೇ ಗೇಮ್‌ಗಳನ್ನ ಬೀಗ ತೆಗೆದು ಮಾರೋಕೆ ಅಂತ ಶುರು ಮಾಡಿದ್ದು. ಇಲ್ಲಿ ಆಕ್ಟಿವೇಶನ್ ಅನ್ನೋ ಪರದೇನೇ ಬರಲ್ಲ. ವೆಬ್‌ಸೈಟ್‌ನಿಂದ ಒಂದು ಸೆಟಪ್ ಫೈಲ್ ಇಳಿಸ್ಕೋಬೇಕು, ದೊಡ್ಡ ಗೇಮ್ ಆದ್ರೆ ಜೊತೆಗೆ ಸುಮಾರು ನಾಲ್ಕು ಜಿಬಿಯ ತುಂಡು ತುಂಡು ಫೈಲ್‌ಗಳು, ಎಲ್ಲಾ ಒಂದೇ ಫೋಲ್ಡರ್‌ನಲ್ಲಿಟ್ಟು ಕ್ಲಿಕ್ ಮಾಡಿದ್ರೆ ಆಯ್ತು. ನೆಟ್ ಕೇಬಲ್ ಕಿತ್ತಿಟ್ಟೇ ವಿಚರ್ 3 ಹಾಕಿ ನೋಡ್ದೆ, ಏನೂ ಕೇಳದೇ ಶುರು ಆಯ್ತು. ಹಳೇ ಡಾಸ್ ಗೇಮ್‌ಗಳನ್ನ ಡಾಸ್‌ಬಾಕ್ಸ್ (ಹೊಸ ಪಿಸಿಯಲ್ಲಿ ಡಾಸ್ ಗೇಮ್ ಓಡಿಸೋ ಸಾಫ್ಟ್‌ವೇರ್) ಕಟ್ಟಿಯೇ ಕೊಡ್ತಾರೆ, ಮ್ಯಾನ್ಯುಅಲ್ ಪಿಡಿಎಫ್ ಸಮೇತ. ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಮೊದಲ ಲೆವೆಲ್ ಆದ್ಮೇಲೆ ಮ್ಯಾನ್ಯುಅಲ್ ನೋಡಿ ಸರಿಯಾದ ಅಕ್ಷರದ ಶೀಶೆ ಕುಡೀಬೇಕಿತ್ತಲ್ಲ, ಆ ಥರದ ಬೀಗ ಇದ್ದ ಕಾಲದವಕ್ಕೆ ಮ್ಯಾನ್ಯುಅಲ್ ಇಲ್ದಿದ್ರೆ ಕಷ್ಟ. ನೋಡಿ ತಮಾಷೆ, ಎಲ್ಲಕ್ಕಿಂತ ಹಳೇ ಬೀಗ, ಬರೀ ಕಾಗದದ್ದು, ಇವತ್ತಿಗೂ ತೆಗೆಯೋಕೆ ಬರುತ್ತೆ. ಮಧ್ಯದ ಹತ್ತು ವರ್ಷದ ಹೈಟೆಕ್ ಬೀಗಗಳೇ ಮಣ್ಣು ಪಾಲು.

ಜಿಒಜಿಯ ತೊಂದರೆ ಅಂದ್ರೆ, ಫೈಲ್ ಕಾಪಾಡೋ ಕೆಲಸ ನಮ್ಮ ತಲೆ ಮೇಲೆ ಬರುತ್ತೆ. ವೆಬ್‌ಸೈಟ್ ಇರೋ ತನಕ ಮತ್ತೆ ಇಳಿಸ್ಕೋಬಹುದು ಸರಿ, ಆದ್ರೆ ಅಷ್ಟಕ್ಕೇ ಆದ್ರೆ ಸ್ಟೀಮ್‌ಗೂ ಇದಕ್ಕೂ ಏನು ವ್ಯತ್ಯಾಸ, ಇಳಿಸಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಿದ್ರೆ ಮಾತ್ರ ಇದರ ಪ್ರಯೋಜನ. ಪ್ಯಾಚ್ ಬಂದಾಗ ಆ ಇಟ್ಟಿರೋ ಕಾಪಿ ಹಳೇದಾಗುತ್ತೆ, ಮತ್ತೆ ಇಳಿಸ್ಬೇಕು. ಡಾಲರ್ ರೇಟ್ ಇರೋದ್ರಿಂದ ಅದೇ ಗೇಮ್ ಸ್ಟೀಮ್‌ಗಿಂತ ದುಬಾರಿ ಬೀಳೋದೂ ಉಂಟು, ಮತ್ತೆ ಎಲ್ಲಾ ಗೇಮ್ ಅಲ್ಲಿಗೆ ಬರೋದೂ ಇಲ್ಲ.

ಈಗಿನ ದೊಡ್ಡ ಗೇಮ್‌ಗಳಲ್ಲಿರೋ ಡೆನುವೋ ಅನ್ನೋ ಬೀಗದ ಬಗ್ಗೆ ಜಾಸ್ತಿ ಹೇಳಲ್ಲ. 2014ರಲ್ಲಿ ಫಿಫಾ 15 ಜೊತೆ ಬಂದಿದ್ದು, ಸಾಮಾನ್ಯವಾಗಿ 24 ಗಂಟೇಲಿ ಐದು ಮಷೀನ್ ಅನ್ನೋ ಲೆಕ್ಕ, ಮಾಮೂಲಿ ಜನಕ್ಕೆ ಅದು ತಟ್ಟಲ್ಲ, ಲಿನಕ್ಸ್‌ನಲ್ಲಿ ಪ್ರೋಟಾನ್ (ವಿಂಡೋಸ್ ಗೇಮ್ ಓಡಿಸೋಕೆ ಇರೋ ಸಾಫ್ಟ್‌ವೇರ್) ವರ್ಶನ್ ಬದಲಾಯಿಸಿ ಬದಲಾಯಿಸಿ ನೋಡೋರಿಗೆ ಮಾತ್ರ ಪ್ರತಿಯೊಂದೂ ಹೊಸ ಮಷೀನ್ ಅಂತ ಎಣಿಕೆ ಆಗಿ ತಟ್ಟುತ್ತೆ. ಎಷ್ಟೋ ಕಂಪನಿಗಳು ಒಂದೆರಡು ವರ್ಷ ಆದ್ಮೇಲೆ ಅದನ್ನ ತೆಗೆದೂ ಹಾಕ್ತಾರೆ, ಅಲ್ಲೀತನಕ ಕಾಯೋದು ಜಾಣತನ, ರೇಟೂ ಇಳಿದಿರುತ್ತೆ. ಆದ್ರೆ ಯಾವಾಗ್ಲೂ ಆನ್‌ಲೈನ್ ಇರ್ಬೇಕು ಅನ್ನೋವಕ್ಕೆ ಮಾತ್ರ ನಾನು ದುಡ್ಡು ಹಾಕಲ್ಲ. 2024ರ ಮಾರ್ಚ್ 31ಕ್ಕೆ ದಿ ಕ್ರೂ ಅನ್ನೋ ರೇಸಿಂಗ್ ಗೇಮ್‌ನ ಸರ್ವರ್ ಬಂದ್ ಆದಾಗ ಒಬ್ಬರೇ ಆಡ್ತಿದ್ದವರಿಗೂ ಗೇಮ್ ಹೋಯ್ತು. ರೀಇನ್‌ಸ್ಟಾಲ್ ಪ್ರಶ್ನೆನೇ ಇಲ್ಲ ಅಲ್ಲಿ.

ಈಗ ನಾನು ಮಾಡ್ತಿರೋದು ಹೀಗೆ. ಮತ್ತೆ ಮತ್ತೆ ಆಡ್ತೀನಿ ಅನ್ನಿಸೋ ಕಥೆ ಇರೋ ಗೇಮ್ ಜಿಒಜಿಯಲ್ಲಿದ್ರೆ ಸ್ವಲ್ಪ ಜಾಸ್ತಿ ಆದ್ರೂ ಅಲ್ಲೇ, ಇನ್‌ಸ್ಟಾಲರ್ ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ. ಒಂದ್ಸಲ ಆಡಿ ಮರೆಯೋದೆಲ್ಲಾ ಸ್ಟೀಮ್ ಸೇಲ್‌ನಲ್ಲಿ. ಹಳೇ ಡಬ್ಬಿ ಗೇಮ್‌ಗಳಲ್ಲಿ ಎರಡು ಅಂಗಡಿಯಲ್ಲೂ ಸಿಗೋದನ್ನ ಸೇಲ್‌ನಲ್ಲಿ ಇನ್ನೊಂದ್ಸಲ ಕೊಂಡೆ, ಹೌದು, ಒಂದೇ ಗೇಮ್‌ಗೆ ಎರಡು ಸಲ ದುಡ್ಡು, ಹೊಟ್ಟೆ ಉರಿಯುತ್ತೆ, ಆದ್ರೂ ಸಪೋರ್ಟ್‌ಗೆ ಫೋಟೋ ಕಳಿಸ್ತಾ ಕೂರೋದಕ್ಕಿಂತ ಅಗ್ಗ. ಕಾರ್ ಕಂಪನಿಗಳ ಜೊತೆಗಿನ ಲೈಸೆನ್ಸ್ ಮುಗಿದು ಎಲ್ಲೂ ಮಾರದೇ ಇರೋ ರೇಸಿಂಗ್ ಗೇಮ್‌ಗಳಿಗೆ ಅಂತ ಹಳೇ ವಿಂಡೋಸ್ 7 ಪಿಸಿ ಒಂದನ್ನ ನೆಟ್ ಕೊಡದೇ ಇಟ್ಟಿದ್ದೀನಿ. ಮಲ್ಟಿಪ್ಲೇಯರ್ ಆಡೋರಿಗೆ ಮಾತ್ರ ಈ ಲೆಕ್ಕ ಯಾವುದೂ ಹೊಂದಲ್ಲ, ನಿಮ್ಮ ಗ್ಯಾಂಗ್ ಎಲ್ಲಿ ತಗೊಂಡಿದ್ಯೋ ಅಲ್ಲೇ ತಗೊಳಿ, ಇಲ್ಲ ಅಂದ್ರೆ ಬೀಗ ಇಲ್ಲದ ಕಾಪಿ ಇಟ್ಕೊಂಡು ಲಾಬಿಯಲ್ಲಿ ಒಬ್ಬರೇ ಕೂರ್ಬೇಕಾಗುತ್ತೆ.